ಹೊಳೆಯ ವರ್ಷವನ್ನು ಓದುವುದು ಹೇಗೆ? ಕಾವೇರಿಯ ಲೆಕ್ಕದಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಹಳೆ ಮೈಸೂರು ಭಾಗದಲ್ಲಿ ಮುಖಪುಟಕ್ಕಿಂತ ಮೊದಲು ಈ ಚೌಕವನ್ನು ನೋಡುವವರು ಬಹಳ ಮಂದಿ ಇದ್ದಾರೆ. ನೋಡಿದ ಮೇಲೆ ಹೊರಡುವ ಮಾತು ಮಾತ್ರ ಎರಡೇ: 'ಈ ಸಲ ಮಳೆ ಚೆನ್ನಾಗಿದೆ', ಇಲ್ಲವೇ 'ಈ ಸಲ ಮಳೆ ಕೈಕೊಟ್ಟಿತು'.

ಆದರೆ ಆ ಚೌಕದಲ್ಲಿರುವುದು ಮಳೆಯ ಲೆಕ್ಕವಲ್ಲ. ಆಕಾಶದಿಂದ ಬಿದ್ದದ್ದರಲ್ಲಿ ಮಣ್ಣು ಕುಡಿದು, ಮರ ಹೀರಿ, ಬಿಸಿಲು ಎಳೆದುಕೊಂಡು, ಮೇಲಿನ ಅಣೆಕಟ್ಟು ತಡೆದು ಉಳಿಸಿದ ಪಾಲು ಅದು. ಮಳೆ ಶೇಕಡ ಹತ್ತು ಕಡಿಮೆಯಾದರೆ ಹೊಳೆಯೂ ಶೇಕಡ ಹತ್ತು ಕಡಿಮೆಯಾಗುತ್ತದೆ ಎಂದು ನಂಬಿದವರು ಪ್ರತಿ ಬರಗಾಲದಲ್ಲೂ ಬೆಚ್ಚಿಬೀಳುತ್ತಾರೆ. ಹವಾಮಾನವು ಒಂದು ನದಿಯ ಹರಿವನ್ನು ತಿಂಗಳಿಂದ ತಿಂಗಳಿಗೆ, ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಸುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ತಿಳಿಯುವ ದಾರಿ ಇಲ್ಲಿದೆ. ಉದಾಹರಣೆಗೆ ಕಾವೇರಿ. ವಿಧಾನ ಯಾವ ಹೊಳೆಗೂ ಸಲ್ಲುತ್ತದೆ. ಬೇಕಾದದ್ದು ಒಂದು ನೋಟ್‌ಬುಕ್ ಅಥವಾ ಕಂಪ್ಯೂಟರಿನ ಒಂದು ಸ್ಪ್ರೆಡ್‌ಶೀಟ್, ಕೂಡಿಸಿ ಗುಣಿಸುವಷ್ಟು ಗಣಿತ ಮತ್ತು ಕನಿಷ್ಠ ಒಂದು ಮಳೆಗಾಲದಷ್ಟು ತಾಳ್ಮೆ.

ಹಂತ 1: ಒಂದು ಜಾಗ ಹಿಡಿಯಿರಿ, ಅದರ ಮೇಲಿನ ನೆಲವನ್ನು ಗುರುತಿಸಿ

'ಕಾವೇರಿಯ ಹರಿವು' ಎಂಬ ಒಂದೇ ಅಂಕಿ ಇಲ್ಲ. ಕುಶಾಲನಗರದಲ್ಲಿ ಒಂದು ಕಾವೇರಿ, ಶ್ರೀರಂಗಪಟ್ಟಣದಲ್ಲಿ ಇನ್ನೊಂದು, ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಮತ್ತೊಂದು. ಮೊದಲು ಅಳತೆಯ ಜಾಗವನ್ನು ನಿಶ್ಚಯಿಸಿ. ಬಳಿಕ ಆ ಜಾಗಕ್ಕೆ ಹರಿದು ಬರುವ ನೆಲ ಯಾವುದು ಎಂದು ನಕ್ಷೆಯಲ್ಲಿ ಗೆರೆ ಎಳೆಯಿರಿ. ಅದೇ ನಿಮ್ಮ ಜಲಾನಯನ. ಅದರ ಹೊರಗೆ ಎಷ್ಟು ಮಳೆ ಸುರಿದರೂ ನಿಮಗೆ ಸಂಬಂಧವಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕೃಷ್ಣರಾಜಸಾಗರಕ್ಕೆ, ಅಂದರೆ ಕನ್ನಂಬಾಡಿಯ ಕೆಆರ್‌ಎಸ್ ಜಲಾಶಯಕ್ಕೆ, ಬರುವುದು ಕಾವೇರಿ, ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು. ಸುಮಾರು 10,600 ಚದರ ಕಿಲೋಮೀಟರ್ ನೆಲದಿಂದ ಹರಿದು ಬಂದದ್ದು. ಕಬಿನಿ ಇದಕ್ಕೆ ಸೇರುವುದೇ ಇಲ್ಲ. ಅದು ಕೆಳಗೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ವಯನಾಡಿನಲ್ಲಿ ಧಾರಾಕಾರ ಮಳೆ ಎಂಬ ಸುದ್ದಿ ಓದಿ ಕೆಆರ್‌ಎಸ್ ತುಂಬುತ್ತದೆ ಎಂದು ಕಾದರೆ ಪ್ರಯೋಜನವಿಲ್ಲ, ಆ ಮಳೆ ತುಂಬಿಸುವುದು ಕಬಿನಿಯನ್ನು. ಹಾಗೆಯೇ ಮೈಸೂರು ನಗರದಲ್ಲಿ ಒಂದು ಸಂಜೆ ರಸ್ತೆಗಳು ಹೊಳೆಯಾದರೂ ಕನ್ನಂಬಾಡಿಯ ಮಟ್ಟ ಒಂದು ಅಂಗುಲವೂ ಏರಬೇಕೆಂದಿಲ್ಲ. ನಗರ ಇರುವುದು ಕಟ್ಟೆಯ ಕೆಳಗೆ.

ಮೊದಲ ಅಭ್ಯಾಸಕ್ಕೆ ಅಣೆಕಟ್ಟಿನ ಹಿಡಿತವಿಲ್ಲದ ಜಾಗ ಆರಿಸಿಕೊಳ್ಳುವುದು ಒಳ್ಳೆಯದು. ಹೇಮಾವತಿಗೆ ಸಕಲೇಶಪುರದಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವಿದೆ, ಗೊರೂರಿನ ಜಲಾಶಯಕ್ಕಿಂತ ಮೇಲೆ. ನೇತ್ರಾವತಿಗೆ ಬಂಟ್ವಾಳದಲ್ಲಿದೆ. ಇಂಥ ಕೇಂದ್ರಗಳ ಹಳೆಯ ದಿನವಾರು ಹರಿವಿನ ಅಂಕಿಗಳನ್ನು ಕೇಂದ್ರ ಸರ್ಕಾರದ ಜಲಸಂಪನ್ಮೂಲ ಮಾಹಿತಿ ಜಾಲತಾಣದಲ್ಲಿ ಹುಡುಕಬಹುದು. ಹೋಬಳಿವಾರು ಮಳೆಗೆ ಮತ್ತು ಜಲಾಶಯಗಳ ದಿನದ ಸ್ಥಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿಗಳು ಸಾಕು.

ಹಂತ 2: ಜನವರಿಯ ಕ್ಯಾಲೆಂಡರನ್ನು ಮಡಚಿಡಿ

ನಮ್ಮ ಹೊಳೆಗಳಿಗೆ ವರ್ಷ ಶುರುವಾಗುವುದು ಜೂನ್ 1ರಂದು, ಮುಗಿಯುವುದು ಮೇ 31ರಂದು. ಇದಕ್ಕೆ ಜಲವರ್ಷ ಎನ್ನುತ್ತಾರೆ. ಜನವರಿಯಿಂದ ಡಿಸೆಂಬರ್‌ವರೆಗೆ ಕೂಡಿಸಿದರೆ ಹೋದ ಮುಂಗಾರಿನ ಬಾಲವೂ ಈ ಮುಂಗಾರಿನ ತಲೆಯೂ ಒಂದೇ ಲೆಕ್ಕದಲ್ಲಿ ಸೇರಿ ಎರಡು ವರ್ಷಗಳ ಕಥೆ ಕಲಸಿಹೋಗುತ್ತದೆ. ಫೆಬ್ರವರಿಯಲ್ಲಿ ಹರಿಯುವ ನೀರು ಹಿಂದಿನ ಆಗಸ್ಟಿನ ಮಳೆಯದು. ಅದನ್ನು ಮುಂದಿನ ಆಗಸ್ಟಿನ ಜೊತೆ ಕೂಡಿಸಬಾರದು.

ಕಾವೇರಿಯ ಜಲವರ್ಷದ ಆಕಾರವನ್ನು ನೋಡಲು ಎಲ್ಲರ ಕೈಗೂ ಸಿಗುವ ಒಂದು ದಾಖಲೆ ಇದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಕರ್ನಾಟಕವು ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಿಡಬೇಕು. ಅದರ ತಿಂಗಳ ಹಂಚಿಕೆ ಹೀಗಿದೆ: ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಆಮೇಲೆ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5. ಈ ಹನ್ನೆರಡು ಅಂಕಿಗಳನ್ನು ಕಂಬಗಳಾಗಿ ಬರೆದು ನೋಡಿ. ರಾಜಕೀಯವನ್ನು ಬದಿಗಿಟ್ಟರೆ ಕಾಣುವುದು ಮುಂಗಾರಿನ ಚಿತ್ರವೇ. ಮೊದಲ ನಾಲ್ಕು ತಿಂಗಳಿಗೆ 123.14 ಟಿಎಂಸಿ, ಅಂದರೆ ಶೇಕಡ ಎಪ್ಪತ್ತರ ಹತ್ತಿರ. ಕೊನೆಯ ನಾಲ್ಕು ತಿಂಗಳಿಗೆ ಒಟ್ಟು 10 ಟಿಎಂಸಿ. ಇದು ಪ್ರಕೃತಿಯ ಹರಿವಲ್ಲ, ಬಿಡಬೇಕಾದ ನೀರಿನ ವೇಳಾಪಟ್ಟಿ. ನಿಜವಾದ ಹೊಳೆ ಯಾವ ವರ್ಷವೂ ಇಷ್ಟು ನಯವಾಗಿ ಏರಿ ಇಳಿದದ್ದಿಲ್ಲ, ಜಗಳ ಹುಟ್ಟುವುದೂ ಆ ವ್ಯತ್ಯಾಸದಲ್ಲಿಯೇ.

ಹಂತ 3: ಮಳೆ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ

ನಿಮ್ಮ ಜಲಾನಯನದ ಹವಾಮಾನ ಗೊತ್ತಿಲ್ಲದೆ ಗ್ರಾಫ್ ಬರೆಯಲು ಕೂತರೆ ಬರೀ ಗೆರೆ ಸಿಗುತ್ತದೆ. ಕಾವೇರಿಯ ಮೇಲ್ಭಾಗಕ್ಕೆ ನಾಲ್ಕು ಬಗೆಯ ಮಳೆಗಾಲಗಳಿವೆ, ನಾಲ್ಕರ ಕೆಲಸವೂ ಬೇರೆ.

ಮಾರ್ಚ್‌-ಏಪ್ರಿಲ್‌ನಲ್ಲಿ ಕಾಫಿ ಬೆಳೆಗಾರರು ಕಾಯುವ ಹೂಮಳೆ ಹೊಳೆಗೆ ಒಂದು ಹನಿಯನ್ನೂ ಕೊಡುವುದಿಲ್ಲ ಎಂದರೆ ತಪ್ಪಿಲ್ಲ, ಒಣಗಿದ ಮಣ್ಣು ಅದನ್ನು ಹಾಗೆಯೇ ನುಂಗುತ್ತದೆ. ಮೇ ತಿಂಗಳ ಗುಡುಗು ಮಳೆಯೂ ಬಹುಪಾಲು ಮಣ್ಣಿಗೇ ಹೋಗುತ್ತದೆ. ಆದರೆ ಅದು ವ್ಯರ್ಥವಲ್ಲ, ಜೂನ್ ಮಳೆಯ ದಾರಿಯನ್ನು ಹದಗೊಳಿಸುತ್ತದೆ.

ನಂತರ ನೈಋತ್ಯ ಮುಂಗಾರು. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಂಪಾಗುತ್ತದೆ, ಸುರಿಯುತ್ತದೆ. ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಮಡಿಕೇರಿಯಲ್ಲಿ 3,000 ದಾಟುತ್ತದೆ, ಮೈಸೂರಿಗೆ ಬಂದರೆ 800ರ ಆಸುಪಾಸು. ಭಾಗಮಂಡಲಕ್ಕೂ ಮೈಸೂರಿಗೂ ನೇರ ದೂರ ಸುಮಾರು 120 ಕಿಲೋಮೀಟರ್ ಅಷ್ಟೆ. ಕಾವೇರಿಯ ವರ್ಷದ ಅದೃಷ್ಟ ನಿರ್ಧಾರವಾಗುವುದು ಆ ಇಡೀ ದೂರದಲ್ಲಲ್ಲ, ಘಟ್ಟದ ಬೆನ್ನಿಗಂಟಿದ ಒಂದು ಕಿರಿದಾದ ಪಟ್ಟಿಯಲ್ಲಿ.

ಮುಂಗಾರು ನಾಲ್ಕು ತಿಂಗಳು ಒಂದೇ ಸಮನೆ ಸುರಿಯುವುದೂ ಇಲ್ಲ. ಕರಾವಳಿಗೆ ಸಮಾನಾಂತರವಾಗಿ ಕಡಲ ಮೇಲೆ ಒತ್ತಡದ ತಗ್ಗು ಮೂಡಿದಾಗ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಪಶ್ಚಿಮದ ಗಾಳಿಯನ್ನು ಜೋರಾಗಿ ಎಳೆದಾಗ ವಾರಗಟ್ಟಲೆ ಬಿಡುವಿಲ್ಲದ ಮಳೆ. ನಡುವೆ ಬಿಡುವು. ಈ ಏರಿಳಿತವನ್ನು ನಮ್ಮ ರೈತರು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹಿಡಿದಿಟ್ಟಿದ್ದಾರೆ. ಹದಿಮೂರು-ಹದಿನಾಲ್ಕು ದಿನಕ್ಕೊಂದು ನಕ್ಷತ್ರ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ನಕ್ಷತ್ರ ಮಳೆ ಸುರಿಸುತ್ತದೆಯೇ ಎಂಬ ವಾದ ಬೇಡ. ಹದಿನಾಲ್ಕು ದಿನಗಳ ತುಂಡು ಹರಿವಿನ ಅಧ್ಯಯನಕ್ಕೆ ತಿಂಗಳಿಗಿಂತ ಚೆನ್ನಾಗಿ ಒದಗುತ್ತದೆ. ತಿಂಗಳ ಸರಾಸರಿಯಲ್ಲಿ ಮಳೆಯ ಬಿಡುವುಗಳು ಮುಚ್ಚಿಹೋಗುತ್ತವೆ, ಪಕ್ಷದ ಲೆಕ್ಕದಲ್ಲಿ ಕಾಣುತ್ತವೆ. ನಿಮ್ಮ ಪಟ್ಟಿಯಲ್ಲಿ ನಕ್ಷತ್ರಕ್ಕೊಂದು ಸಾಲು ಇರಲಿ.

ಕೊನೆಯದು ಹಿಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯಿಂದ ಬರುತ್ತದೆ. ಕೊಡಗಿಗೆ ಇದು ಬೋನಸ್ಸು, ತಮಿಳುನಾಡಿನ ಬಯಲಿಗೆ ಮುಖ್ಯ ಮಳೆಗಾಲ. ಒಂದೇ ನದಿಗೆ ಎರಡು ಹವಾಮಾನ. 81,155 ಚದರ ಕಿಲೋಮೀಟರ್ ಹರಡಿರುವ ಕಾವೇರಿ ಕೊಳ್ಳದ ತಲೆಯನ್ನು ಒಂದು ಮಾರುತ ತೋಯಿಸಿದರೆ ಬಾಲವನ್ನು ಇನ್ನೊಂದು ತೋಯಿಸುತ್ತದೆ. ತಮಿಳುನಾಡಿನ ಮೆಟ್ಟೂರು ಜಲಾಶಯದ ಅಂಕಿಯನ್ನು ಕೊಡಗಿನ ಮಳೆಯಿಂದಷ್ಟೇ ವಿವರಿಸಲು ಹೊರಟವರು ಹಿಂಗಾರನ್ನು ಮರೆತಿರುತ್ತಾರೆ.

ಹಂತ 4: ಅಳತೆಗಳನ್ನು ಒಂದೇ ಭಾಷೆಗೆ ತನ್ನಿ

ಮಳೆ ಮಿಲಿಮೀಟರಿನಲ್ಲಿ, ಹರಿವು ಕ್ಯುಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ), ಸಂಗ್ರಹ ಟಿಎಂಸಿಯಲ್ಲಿ. ಮೂರನ್ನೂ ಬೆಸೆಯಲು ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ.

ಒಂದು: 11,574 ಕ್ಯುಸೆಕ್ ಒಂದು ಇಡೀ ದಿನ ಹರಿದರೆ 1 ಟಿಎಂಸಿ ಅಡಿ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನ 5,000 ಕ್ಯುಸೆಕ್ ಬಿಡುವಂತೆ ಹೇಳಿದಾಗ ಚರ್ಚೆಯೆಲ್ಲ ಆ ಐದು ಸಾವಿರದ ಸುತ್ತಲೇ ನಡೆಯಿತು. 5,000 ಅನ್ನು 15ರಿಂದ ಗುಣಿಸಿ 11,574ರಿಂದ ಭಾಗಿಸಿದರೆ 6.48 ಟಿಎಂಸಿ. ತುಂಬಿದ ಕೆಆರ್‌ಎಸ್ 49.45 ಟಿಎಂಸಿ. ಹೀಗೆ ಇಟ್ಟು ನೋಡಿದರೆ ಮಾತಿನ ತೂಕ ತಿಳಿಯುತ್ತದೆ.

ಎರಡು: ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 1,000 ಘನ ಮೀಟರ್ ನೀರು. ಒಂದು ಟಿಎಂಸಿ ಅಡಿ ಸುಮಾರು 2.83 ಕೋಟಿ ಘನ ಮೀಟರ್. ಹಾಗಾಗಿ ಕೆಆರ್‌ಎಸ್ ಜಲಾನಯನದ ಮೇಲೆ ಸರಾಸರಿ 400 ಮಿಲಿಮೀಟರ್ ಬಿದ್ದರೆ ಬಿದ್ದ ನೀರು ಸುಮಾರು 150 ಟಿಎಂಸಿ. ಅಣೆಕಟ್ಟಿನ ಮೂರು ಪಟ್ಟು! ಅದರಲ್ಲಿ ಹೊಳೆಗೆ ಬಂದದ್ದು 60 ಟಿಎಂಸಿ ಎಂದು ನಿಮ್ಮ ಲೆಕ್ಕ ಹೇಳಿದರೆ ಹರಿವಿನ ಪಾಲು ಶೇಕಡ 40. ಈ ಶೇಕಡಾವಾರು ಅಂಕಿ ನಿಮ್ಮ ಹೊಳೆಯ ಸ್ವಭಾವದ ಮೊದಲ ಗುರುತು. ಜೂನ್‌ನಲ್ಲಿ ಅದು ಚಿಕ್ಕದಿರುತ್ತದೆ, ಆಗಸ್ಟ್‌ನಲ್ಲಿ ಏರುತ್ತದೆ.

ಸರಾಸರಿ ಮಳೆ ತೆಗೆಯುವಾಗ ಒಂದು ಎಚ್ಚರ. ಕೇಂದ್ರಗಳ ಅಂಕಿಗಳನ್ನು ಸುಮ್ಮನೆ ಕೂಡಿಸಿ ಭಾಗಿಸಬೇಡಿ. ಜಲಾನಯನವನ್ನು ಘಟ್ಟ, ಅರೆಮಲೆನಾಡು, ಬಯಲು ಎಂದು ಮೂರು ಪಟ್ಟಿ ಮಾಡಿ, ಪ್ರತಿಯೊಂದರ ವಿಸ್ತೀರ್ಣಕ್ಕೆ ತಕ್ಕ ತೂಕ ಕೊಡಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಘಟ್ಟ ಶೇಕಡ 15 ನೆಲ, 1,200 ಮಿಮೀ, ಅರೆಮಲೆನಾಡು ಶೇಕಡ 35, 400 ಮಿಮೀ, ಬಯಲು ಶೇಕಡ 50, 150 ಮಿಮೀ. ತೂಕದ ಸರಾಸರಿ 395. ಮೂರನ್ನೂ ಸರಿಸಮ ಎಣಿಸಿದರೆ 583. ಎರಡರ ನಡುವೆ ಸುಮಾರು 70 ಟಿಎಂಸಿಯಷ್ಟು ಇಲ್ಲದ ಮಳೆ ಹುಟ್ಟಿಕೊಂಡಿತು! ಇನ್ನೊಂದು ವಿಷಯವನ್ನೂ ಗಮನಿಸಿ: ಶೇಕಡ 15 ನೆಲದ ಘಟ್ಟ ಒಟ್ಟು ಮಳೆಯ ಅರ್ಧದ ಹತ್ತಿರ ಕೊಟ್ಟಿದೆ. ಹರಿವಿನಲ್ಲಿ ಅದರ ಪಾಲು ಇನ್ನೂ ಹೆಚ್ಚು, ಏಕೆಂದರೆ ಬಯಲಿನ 150 ಮಿಲಿಮೀಟರಿನಲ್ಲಿ ಹೆಚ್ಚಿನದು ರಾಗಿ ಹೊಲದಲ್ಲಿಯೇ ಮುಗಿಯುತ್ತದೆ.

ಹಂತ 5: ಗ್ರಾಫ್ ಬರೆದು, ಅದರ ನಾಲ್ಕು ಭಾಗಗಳನ್ನು ಗುರುತಿಸಿ

ಅಡ್ಡಗೆರೆಯಲ್ಲಿ ದಿನ, ಲಂಬಗೆರೆಯಲ್ಲಿ ಹರಿವು. ಮೇಲ್ತುದಿಯಿಂದ ತಲೆಕೆಳಗಾಗಿ ಮಳೆಯ ಕಂಬಗಳನ್ನು ಇಳಿಬಿಡಿ. ಮಳೆಯೂ ಹರಿವೂ ಒಂದೇ ಹಾಳೆಯಲ್ಲಿ ಎದುರುಬದುರಾದರೆ ಅರ್ಧ ಪಾಠ ತಾನಾಗಿ ಕಾಣುತ್ತದೆ.

ಮೊದಲ ಭಾಗ ಜೂನ್. ಮಳೆ ಕಂಬಗಳು ಉದ್ದವಾಗಿದ್ದರೂ ಹರಿವಿನ ಗೆರೆ ಮಲಗಿಯೇ ಇರುತ್ತದೆ. ಬೇಸಿಗೆಯಿಡೀ ಒಣಗಿದ ಮಣ್ಣು ಮೊದಲು ತನ್ನ ಸಾಲ ತೀರಿಸಿಕೊಳ್ಳುತ್ತದೆ. 'ಇಷ್ಟು ಮಳೆ ಬಂದರೂ ಹೊಳೆ ಏಕೆ ಏರಲಿಲ್ಲ' ಎಂಬ ಜೂನ್ ತಿಂಗಳ ಗೊಣಗಾಟಕ್ಕೆ ಉತ್ತರ ಇದು. 2025ರಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಮೇ ತಿಂಗಳಲ್ಲೇ ಭಾರೀ ಮಳೆ, ಮೇ 24ಕ್ಕೆ ಕೇರಳಕ್ಕೆ ಮುಂಗಾರು. ಜೂನ್ ಹೊತ್ತಿಗೆ ಮಣ್ಣಿನ ದಾಹ ತೀರಿತ್ತು. ಕೆಆರ್‌ಎಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಜೂನ್ ತಿಂಗಳಿನಲ್ಲೇ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಿತು.

ಎರಡನೆಯದು ಏರುವ ಭಾಗ. ಪುನರ್ವಸು, ಪುಷ್ಯದ ಹೊತ್ತಿಗೆ, ಜುಲೈ-ಆಗಸ್ಟಿನಲ್ಲಿ ಬರುವ ಕೊಡಗಿನವರ ಕಕ್ಕಡ ತಿಂಗಳಲ್ಲಿ, ಮಣ್ಣು ತುಂಬಿ ಗುಡ್ಡದ ಬುಡದಲ್ಲಿ ಜಲ ಒಡೆಯುತ್ತದೆ. ಅಂದಿನಿಂದ ಹೊಳೆಯ ನಡತೆ ಪೂರ್ತಿ ಬೇರೆ. ಜೂನ್‌ನಲ್ಲಿ 100 ಮಿಲಿಮೀಟರ್ ಮಳೆಗೆ ಅಲುಗದ ಹೊಳೆ ಈಗ 40 ಮಿಲಿಮೀಟರಿಗೇ ದಡ ಮುಟ್ಟುತ್ತದೆ. ಪ್ರವಾಹದ ಮುನ್ಸೂಚನೆ ನೋಡುವಾಗ ಇಂದಿನ ಮಳೆಯಷ್ಟೇ ಮುಖ್ಯ ಹಿಂದಿನ ಹದಿನೈದು ದಿನಗಳ ಮಳೆ. 2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ಆ ವಾರದ ಮಳೆಯೊಂದರಿಂದಲೇ ಅಲ್ಲ. ಅದಕ್ಕೂ ಮೊದಲಿನ ಮಳೆ ನೆಲವನ್ನು ತೋಯಿಸಿ ಇಟ್ಟಿತ್ತು.

ಮೂರನೆಯದು ಇಳಿಯುವ ಭಾಗ. ಮಳೆ ನಿಂತ ಮೇಲೂ ಹರಿವು ಒಂದೇ ದಿನಕ್ಕೆ ಬೀಳುವುದಿಲ್ಲ. ನಾಲ್ಕನೆಯದು ಒರತೆಯ ಹರಿವು: ಮಳೆಯಿಲ್ಲದ ತಿಂಗಳುಗಳಲ್ಲಿ ನೆಲದಡಿಯಿಂದ ಸೋರಿ ಬರುವ ನೀರು. ತುಲಾ ಸಂಕ್ರಮಣದ ತಲಕಾವೇರಿ ತೀರ್ಥೋದ್ಭವ ಅಕ್ಟೋಬರ್ ನಡುವಿನಲ್ಲಿ ಬರುತ್ತದೆ. ಹೊಳೆ ಮಳೆಯ ಕೈಯಿಂದ ಒರತೆಯ ಕೈಗೆ ದಾಟುವ ಹೊತ್ತು ಅದು.

ಒರತೆಯ ಹರಿವನ್ನು ಬೇರ್ಪಡಿಸಲು ದೊಡ್ಡ ಸಾಫ್ಟ್‌ವೇರ್ ಬೇಡ. ಪ್ರತಿ ಐದು ದಿನಗಳ ತುಂಡಿನಲ್ಲಿ ಅತಿ ಕಡಿಮೆ ಹರಿವಿನ ಅಂಕಿ ಆರಿಸಿ. ಅಂಥ ಚುಕ್ಕೆಗಳನ್ನು ಸೇರಿಸುತ್ತ ಗೆರೆ ಎಳೆಯಿರಿ, ಎದ್ದು ಕಾಣುವ ಚುಕ್ಕೆಗಳನ್ನು ಬಿಟ್ಟುಬಿಡಿ. ಗೆರೆಯ ಕೆಳಗಿನದು ಹೆಚ್ಚುಕಡಿಮೆ ಒರತೆ, ಮೇಲಿನದು ಮಳೆಯ ನೇರ ಹರಿವು. ಇನ್ನೂ ಉಪಯುಕ್ತವಾದ ಒಂದು ಅಳತೆ: ಮಳೆಯಿಲ್ಲದ ದಿನಗಳಲ್ಲಿ ಹರಿವು ಅರ್ಧವಾಗಲು ಎಷ್ಟು ದಿನ ಬೇಕು? ಡಿಸೆಂಬರ್ 1ರಂದು 800 ಕ್ಯುಸೆಕ್ ಇದ್ದದ್ದು ಜನವರಿ 15ಕ್ಕೆ 400 ಆದರೆ 45 ದಿನ. ಕೆಲವು ವರ್ಷಗಳಿಗೆ ಇದನ್ನು ತೆಗೆದಿಟ್ಟುಕೊಂಡರೆ ಡಿಸೆಂಬರ್‌ನಲ್ಲಿಯೇ ಏಪ್ರಿಲ್‌ನ ಹೊಳೆ ಹೇಗಿರಬಹುದೆಂದು ಅಂದಾಜಿಸಬಹುದು. ನಡುವೆ ಹಿಂಗಾರು ಬಂದರೆ ಅಂದಾಜು ಕೆಡುತ್ತದೆ, ಆದರೆ ಒಳ್ಳೆಯ ಕಡೆಗೆ ಕೆಡುತ್ತದೆ.

ಈ ಅವಧಿ ಹವಾಮಾನಕ್ಕಿಂತ ನೆಲದ ಗುಣವನ್ನು ಹೇಳುತ್ತದೆ. ದಪ್ಪ ಮಣ್ಣು, ಶೋಲಾ ಕಾಡು, ಜಂಬಿಟ್ಟಿಗೆ ಕಲ್ಲಿರುವ ಕಡೆ ನೀರು ನಿಧಾನ ಸೋರುತ್ತದೆ. ಕರಿಕಲ್ಲು, ಎರೆಮಣ್ಣಿನ ಉತ್ತರ ಕರ್ನಾಟಕದ ಉಪನದಿಗಳಲ್ಲಿ ಪೂರ ಬಂದಷ್ಟೇ ಬೇಗ ಹೊರಟುಹೋಗುತ್ತದೆ.

ಹಂತ 6: ವರ್ಷಗಳನ್ನು ಸಾಲಾಗಿ ನಿಲ್ಲಿಸಿ

ಈಗ ಹತ್ತಿಪ್ಪತ್ತು ಜಲವರ್ಷಗಳ ಒಟ್ಟು ಹರಿವನ್ನು ಪಟ್ಟಿ ಮಾಡಿ, ಮೂವತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಸರಾಸರಿ ತೆಗೆಯುವ ಆತುರ ಬೇಡ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನಡುವಿನ ಅಂಕಿಯನ್ನು, ಅಂದರೆ ಮಧ್ಯಾಂಕವನ್ನು ನೋಡಿ. ಒಂದೆರಡು ಮಹಾಪೂರದ ವರ್ಷಗಳು ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತವೆ. ಮಧ್ಯಾಂಕ ಅಷ್ಟು ಸುಲಭವಾಗಿ ಅಲುಗುವುದಿಲ್ಲ. 1924ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷದ ಜುಲೈಯಲ್ಲಿ ಕಾವೇರಿ ಕಂಡ ಪ್ರವಾಹ ಇಂದಿಗೂ ದಾಖಲೆಗಳಲ್ಲಿ ಉಲ್ಲೇಖವಾಗುತ್ತದೆ. ಅಂಥ ಒಂದು ವರ್ಷ ಹತ್ತು ವರ್ಷಗಳ ಸರಾಸರಿಯನ್ನೇ ಕೆಡಿಸಬಲ್ಲದು.

ಜೋಡಿಸಿದ ಪಟ್ಟಿಯಿಂದಲೇ ಖಾತರಿಯ ಅಂಕಿ ಸಿಗುತ್ತದೆ. ನೂರು ವರ್ಷಗಳಲ್ಲಿ ಐವತ್ತು ವರ್ಷ ಇಷ್ಟಾದರೂ ಹರಿಯುತ್ತದೆ ಎಂಬುದು ಶೇಕಡ 50 ಖಾತರಿ, ಎಪ್ಪತ್ತೈದು ವರ್ಷ ಹರಿಯುತ್ತದೆ ಎಂಬುದು ಶೇಕಡ 75. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ ಹಂಚಿದ 740 ಟಿಎಂಸಿ ಶೇಕಡ 50 ಖಾತರಿಯ ಅಂಕಿ. ಬೇರೆ ಮಾತಿನಲ್ಲಿ, ಸುಮಾರು ಅರ್ಧದಷ್ಟು ವರ್ಷಗಳಲ್ಲಿ ನದಿಯಲ್ಲಿ ಅಷ್ಟು ನೀರು ಇರುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ಟಿವಿ ಚರ್ಚೆಗಳಲ್ಲಿ ಯಾರೂ ಹೇಳದಿರುವುದು ನನಗೆ ಸೋಜಿಗ. ಸಂಕಷ್ಟದ ವರ್ಷ ಅಪರೂಪದ ಆಕಸ್ಮಿಕವಲ್ಲ, ಹಂಚಿಕೆಯ ಲೆಕ್ಕದೊಳಗೇ ಕೂತಿರುವ ಅತಿಥಿ.

ಮಳೆಗಿಂತ ಹರಿವು ಏಕೆ ಹೆಚ್ಚು ತೂಗಾಡುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ವರ್ಷದ ಮಳೆ 1,500 ಮಿಲಿಮೀಟರ್. ಗಿಡಮರ, ಬೆಳೆ, ಬಿಸಿಲು ಸೇರಿ 900 ತೆಗೆದುಕೊಂಡವು. ಹೊಳೆಗೆ 600. ಮರುವರ್ಷ ಮಳೆ ಐದನೇ ಒಂದು ಪಾಲು ಕಡಿಮೆಯಾಗಿ 1,200. ಆವಿಯ ಬೇಡಿಕೆ ಮಾತ್ರ ಹೆಚ್ಚು ಇಳಿಯುವುದಿಲ್ಲ, 850 ಎಂದಿಟ್ಟುಕೊಳ್ಳಿ. ಹೊಳೆಗೆ ಉಳಿದದ್ದು 350. ಮಳೆ ಶೇಕಡ 20 ಇಳಿದರೆ ಹರಿವು ಶೇಕಡ 42 ಇಳಿಯಿತು. ಮನೆಯ ಸಂಬಳ ಕಡಿಮೆಯಾದರೂ ಬಾಡಿಗೆ ಅಷ್ಟೇ ಇದ್ದಾಗ ಉಳಿತಾಯಕ್ಕೆ ಆಗುವ ಗತಿಯೇ ಇದು. ಒಣ ಜಲಾನಯನದಲ್ಲಿ ಈ ಹೊಡೆತ ಇನ್ನೂ ಜೋರು. ಹಾಗಾಗಿ ವೇದಾವತಿ, ಪೆನ್ನಾರ್‌ನಂಥ ಬಯಲುನಾಡಿನ ನದಿಗಳು ಕೆಲವು ವರ್ಷ ಹರಿಯುವುದನ್ನೇ ಮರೆಯುತ್ತವೆ, ನೇತ್ರಾವತಿ ಮಳೆಗಾಲದಲ್ಲಿ ಎಂದೂ ಮರೆಯುವುದಿಲ್ಲ.

ಹಂತ 7: ಕಡಲಿನ ಅಂಕಣ ಸೇರಿಸಿ

ವರ್ಷದಿಂದ ವರ್ಷಕ್ಕೆ ಮುಂಗಾರು ಬದಲಾಗುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಪೆಸಿಫಿಕ್ ಸಾಗರದಲ್ಲಿದೆ. ಅಲ್ಲಿ ಮಧ್ಯ ಮತ್ತು ಪೂರ್ವದ ನೀರು ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ, ತಂಪಾದರೆ ಲಾ ನಿನಾ. ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ತಂಪಾಗಿರುವ ಧನಾತ್ಮಕ ಡೈಪೋಲ್ ಸ್ಥಿತಿ ಮುಂಗಾರಿಗೆ ಸಾಮಾನ್ಯವಾಗಿ ಅನುಕೂಲ.

ನಿಮ್ಮ ಪಟ್ಟಿಯಲ್ಲಿ ಪ್ರತಿ ಜಲವರ್ಷದ ಎದುರು ಎರಡು ಅಂಕಣ ಮಾಡಿ: ಪೆಸಿಫಿಕ್ ಹೇಗಿತ್ತು, ಹಿಂದೂ ಮಹಾಸಾಗರ ಹೇಗಿತ್ತು. 2002, 2009, 2015, 2023 ಎಲ್ ನಿನೊ ವರ್ಷಗಳು. ಮೊದಲ ಮೂರರಲ್ಲೂ ದೇಶದ ಮುಂಗಾರು ಸೋತಿತು, ನಾಲ್ಕನೆಯದರ ಆಗಸ್ಟ್ ನೆಲಕಚ್ಚಿತು. ಆದರೆ 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೊಗಳಲ್ಲಿ ಒಂದು ಬಂದರೂ ಮುಂಗಾರು ವಾಡಿಕೆಯಂತೆಯೇ ಇತ್ತು. ಆ ವರ್ಷ ಡೈಪೋಲ್ ಧನಾತ್ಮಕವಾಗಿತ್ತು. 2023ರಲ್ಲಿ ಡೈಪೋಲ್ ಧನಾತ್ಮಕವಾಗಿದ್ದರೂ ಆಗಸ್ಟನ್ನು ಉಳಿಸಲಿಲ್ಲ. ಎಲ್ ನಿನೊ ಎಂದು ಘೋಷಣೆಯಾದ ಕೂಡಲೇ ಬರಗಾಲ ಬಂತೆಂದು ಬರೆಯುವವರನ್ನೂ, ಸಾಗರಕ್ಕೂ ನಮಗೂ ಏನು ಸಂಬಂಧ ಎನ್ನುವವರನ್ನೂ ಈ ಅಂಕಣಗಳೇ ಸುಮ್ಮನಾಗಿಸುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ನೈಋತ್ಯ ಮುಂಗಾರನ್ನು ಬಡಕಲಾಗಿಸುವ ಎಲ್ ನಿನೊ, ತಮಿಳುನಾಡಿನ ಹಿಂಗಾರನ್ನು ಹೆಚ್ಚಿಸುವ ಕಡೆಗೆ ವಾಲುತ್ತದೆ. 2015ರ ಡಿಸೆಂಬರಿನ ಚೆನ್ನೈ ಪ್ರವಾಹ ನೆನಪಿರಬಹುದು, ಕರ್ನಾಟಕದಲ್ಲಿ ಆ ಮುಂಗಾರು ಬರದ್ದು. ಕಾವೇರಿಯ ತಲೆ ಬಾಡಿದ ವರ್ಷ ಬಾಲ ಬಾಡಲೇಬೇಕೆಂದಿಲ್ಲ. ಕೊಳ್ಳವನ್ನು ಒಂದೇ ಘಟಕವೆಂದು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಒಟ್ಟು ಮಳೆಗಿಂತ ಮಳೆ ಬಂದ ವೇಳೆ ಹೆಚ್ಚು ಮಾತಾಡುತ್ತದೆ. ಎರಡು ವರ್ಷಗಳನ್ನು ಅಕ್ಕಪಕ್ಕ ಇಡಿ. 2019ರಲ್ಲಿ ದೇಶದ ಜೂನ್ ಮಳೆ ಮೂರನೇ ಒಂದು ಪಾಲು ಕೊರತೆ. ಆಗಸ್ಟ್ ಮೊದಲ ಪಕ್ಷದಲ್ಲಿ ಘಟ್ಟದ ಮೇಲೆ ಸುರಿದ ಮಳೆಗೆ ಜುಲೈವರೆಗೆ ಬಣಗುಡುತ್ತಿದ್ದ ಜಲಾಶಯಗಳು ದಿನಗಳ ಅಂತರದಲ್ಲಿ ಏರಿದವು, ಕೃಷ್ಣೆ ಕಾವೇರಿ ಎರಡೂ ಉಕ್ಕಿದವು. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದ ದಿನಗಳಲ್ಲಿ ಮುಂಗಾರು ಜೂನ್ 8ಕ್ಕೆ ಕೇರಳ ಮುಟ್ಟಿತು. ಜುಲೈ ಕೊನೆಯಲ್ಲಿ ಆಸೆ ಚಿಗುರಿತು. ಆಗಸ್ಟ್ ಮಾತ್ರ ದೇಶದ ಮಟ್ಟಿಗೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಯಿತು. ಮಣ್ಣು ತುಂಬಿ, ಬಿದ್ದ ಹನಿಯೆಲ್ಲ ಹೊಳೆಗೆ ಓಡಬೇಕಾದ ತಿಂಗಳಲ್ಲೇ ಮಳೆ ತಪ್ಪಿದರೆ ಸೆಪ್ಟೆಂಬರಿನ ಮಳೆ ಆ ನಷ್ಟವನ್ನು ತುಂಬುವುದಿಲ್ಲ. ಮರುವಸಂತದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನೀರಿನ ಟ್ಯಾಂಕರುಗಳ ಸಾಲು ಕಂಡದ್ದಕ್ಕೂ ಆ ಆಗಸ್ಟಿಗೂ ನಂಟಿದೆ.

ಹಂತ 8: ಅಣೆಕಟ್ಟಿನ ಕೈವಾಡವನ್ನು ತೆಗೆದು ನೋಡಿ

ಕಟ್ಟೆಯ ಕೆಳಗೆ ಹರಿಯುವ ನೀರಿನ ಗ್ರಾಫ್ ಹವಾಮಾನದ್ದಲ್ಲ, ನಾಲೆ ಮತ್ತು ಗೇಟುಗಳದ್ದು. ಸಹಜ ಹರಿವನ್ನು ಮರಳಿ ಪಡೆಯಲು ಹೊರಹರಿವಿಗೆ ಸಂಗ್ರಹದ ಏರಿಕೆಯನ್ನು ಕೂಡಿಸಿ, ಸಂಗ್ರಹ ಇಳಿದಿದ್ದರೆ ಕಳೆಯಿರಿ. ಒಂದು ದಿನದಲ್ಲಿ ಸಂಗ್ರಹ 20ರಿಂದ 22.5 ಟಿಎಂಸಿಗೆ ಏರಿತು, ನದಿ ಮತ್ತು ನಾಲೆಗೆ 3,000 ಕ್ಯುಸೆಕ್ ಬಿಟ್ಟರು ಎಂದುಕೊಳ್ಳಿ. 2.5 ಟಿಎಂಸಿ ಅಂದರೆ 28,935 ಕ್ಯುಸೆಕ್. ಒಳಹರಿವು ಸುಮಾರು 31,900. ಬೇಸಿಗೆಯಲ್ಲಾದರೆ ಆವಿಯಾದದ್ದನ್ನೂ ಸೇರಿಸಬೇಕು.

ಕೆಆರ್‌ಎಸ್‌ನ ಒಳಹರಿವು ಕೂಡ ಪೂರ್ತಿ ಸಹಜವಲ್ಲ. ಮೇಲೆ ಹಾರಂಗಿ 8.5 ಟಿಎಂಸಿ, ಹೇಮಾವತಿ 37.1 ಟಿಎಂಸಿ ಹಿಡಿಯುತ್ತವೆ. ಜುಲೈಯಲ್ಲಿ ಹೇಮಾವತಿ ತುಂಬುವವರೆಗೆ ಕೆಳಗಿನ ಅಂಕಿ ಮಂಕಾಗಿರುತ್ತದೆ, ತುಂಬಿದ ಮರುದಿನ ಮಳೆ ಹೆಚ್ಚದಿದ್ದರೂ ಕೆಆರ್‌ಎಸ್‌ ಒಳಹರಿವು ಜಿಗಿಯುತ್ತದೆ. ಮೂರೂ ಜಲಾಶಯಗಳ ಸಂಗ್ರಹ ಬದಲಾವಣೆಯನ್ನು ಕೂಡಿಸಿ ಲೆಕ್ಕ ಮಾಡಿದರೆ ಈ ಮೋಸ ನೀಗುತ್ತದೆ. ಕಟ್ಟೆ ತುಂಬಿದಾಗ ಅರ್ಪಿಸುವ ಬಾಗಿನದ ದಿನಾಂಕವನ್ನು ಮುಂಗಾರಿನ ಅಳತೆಗೋಲು ಮಾಡಿಕೊಳ್ಳುವುದೂ ಅರ್ಧಸತ್ಯವೇ: ಹಿಂದಿನ ವರ್ಷ ಎಷ್ಟು ನೀರು ಉಳಿದಿತ್ತು ಎಂಬುದು ಆ ದಿನಾಂಕದಲ್ಲಿ ಅಡಗಿರುತ್ತದೆ.

ಹಂತ 9: ಬದಲಾವಣೆ ಹವಾಮಾನದ್ದೇ?

ಪಟ್ಟಿ ಉದ್ದವಾದಂತೆ ಗೆರೆ ಇಳಿಯುತ್ತಿದೆ ಅಥವಾ ಏರುತ್ತಿದೆ ಎಂದು ಕಾಣತೊಡಗುತ್ತದೆ. ಹವಾಮಾನ ಬದಲಾವಣೆ ಎಂದು ಬರೆದುಬಿಡುವ ಆಸೆಯಾಗುತ್ತದೆ. ತಡೆಯಿರಿ. ಹತ್ತು ವರ್ಷಗಳ ಇಳಿಕೆ ಬರೀ ಎರಡು ಬರಗಾಲಗಳ ಕಾಕತಾಳೀಯವಿರಬಹುದು. ಹವಾಮಾನದ ಮಾತಿಗೆ ಮೂವತ್ತು ವರ್ಷಗಳಾದರೂ ಬೇಕು. ಅದರ ಮೊದಲು ಈ ಪ್ರಶ್ನೆಗಳನ್ನು ಕೇಳಿ: ಅಳತೆ ಕೇಂದ್ರ ಜಾಗ ಬದಲಿಸಿತೇ? ಮೇಲೆ ಹೊಸ ಕಟ್ಟೆ ಬಂದಿತೇ? ಕೊಳವೆಬಾವಿಗಳು ಒರತೆಯನ್ನು ಎಳೆದವೇ? ಗದ್ದೆ ತೋಟವಾಯಿತೇ?

ಪರೀಕ್ಷೆಯ ಒಂದು ಸುಲಭ ದಾರಿ: ಮಳೆಯನ್ನೂ ಹರಿವನ್ನೂ ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋಗಿ, ಒಟ್ಟು ಮಳೆಯ ಎದುರು ಒಟ್ಟು ಹರಿವಿನ ಗೆರೆ ಬರೆಯಿರಿ. ಮಳೆಯೊಂದೇ ಕಾರಣವಾಗಿದ್ದರೆ ಗೆರೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಎಲ್ಲಾದರೂ ಸ್ಪಷ್ಟವಾಗಿ ಬಾಗಿ ಆ ಬಾಗು ಉಳಿದುಕೊಂಡರೆ, ಆ ವರ್ಷದ ಸುತ್ತಮುತ್ತ ನೆಲದ ಮೇಲೆ ಏನಾಯಿತೆಂದು ಮೊದಲು ಹುಡುಕಿ.

ಬಿಸಿಯಾಗುತ್ತಿರುವ ಗಾಳಿಯ ಕೆಲಸವೂ ನಿಜವೇ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡ 7 ಹೆಚ್ಚು ತೇವ ಹಿಡಿಯಬಲ್ಲದು. ಸುರಿದಾಗ ಜೋರಾಗಿ ಸುರಿಯುತ್ತದೆ, ಬಿಡುವಿನಲ್ಲಿ ಮಣ್ಣನ್ನು ಬೇಗ ಒಣಗಿಸುತ್ತದೆ. ಇದನ್ನು ನಿಮ್ಮ ಅಂಕಿಗಳಲ್ಲಿ ಹುಡುಕಬೇಕಾದದ್ದು ವರ್ಷದ ಮೊತ್ತದಲ್ಲಲ್ಲ. ಪ್ರತಿ ಜಲವರ್ಷಕ್ಕೆ ಮೂರು ಅಂಕಿ ತೆಗೆಯಿರಿ: ವರ್ಷದ ಅರ್ಧ ಹರಿವು ಮುಗಿದ ದಿನಾಂಕ, ಅತಿ ಹೆಚ್ಚು ಹರಿವಿನ ಮೂರು ದಿನಗಳ ಪಾಲು, ಮಾರ್ಚ್ ತಿಂಗಳ ಕನಿಷ್ಠ ಹರಿವು. ಈ ಮೂರನ್ನೂ ಸಕಲೇಶಪುರದಂಥ ಕಟ್ಟೆಯಿಲ್ಲದ ಕೇಂದ್ರಕ್ಕೆ ಮೊದಲು ಬರೆದು, ನಂತರ ಕೆಆರ್‌ಎಸ್‌ನ ಸರಿಪಡಿಸಿದ ಒಳಹರಿವಿಗೆ ಬರೆಯಿರಿ. ಎರಡೂ ಒಂದೇ ದಿಕ್ಕಿಗೆ ವಾಲಿದರೆ ಹವಾಮಾನದ ಕಡೆ ನೋಡಿ. ಕೆಳಗಿನದು ಮಾತ್ರ ವಾಲಿದರೆ ತಾಲ್ಲೂಕು ಕಚೇರಿಯಲ್ಲಿ ಕೊಳವೆಬಾವಿಗಳ ಲೆಕ್ಕ ಕೇಳಿ.